ಬಾಣ ಬರೆಯುವ ಕೆಲಸ

ನಾಲ್ಕು ಲೀಟರಿನ ಹಳದಿ ಡಬ್ಬಿ, ಎರಡು ಬ್ರಷ್ಷು,
ತೆಳು ಮಾಡಲಿಕ್ಕೆ ಸೀಮೆಎಣ್ಣೆ ಒಂದು ಬಾಟಲಿ,
ದಿನಕ್ಕೆ ನಾನೂರೈವತ್ತು, ಊಟ ನಮ್ಮದೇ.
ಗೇರುಸೊಪ್ಪೆಯ ದಕ್ಕೆಯಿಂದ ಹೊಳೆ ದಾಟಿ
ಬಿದ್ದ ಕೋಟೆಗೋಡೆಯ ಬೆನ್ನು ಹತ್ತಿ ಬಳಸಿ
ಬಸದಿಯ ತನಕ ಹನ್ನೊಂದು ಕಿಲೋಮೀಟರು.
ನಡೆಯಲು ಬರುವವರಿಗೆ ದಾರಿ ತಪ್ಪಬಾರದು,
ಐವತ್ತು ಹೆಜ್ಜೆಗೊಂದು ಬಾಣ ಬರಿ, ಎಂದರು ಫಾರೆಸ್ಟರು.

ಯಾರ ಐವತ್ತು ಹೆಜ್ಜೆ ಎಂದು ಹೇಳಲಿಲ್ಲ.
ಕುಪ್ಪಯ್ಯ ಗೊಂಡನ ಐವತ್ತು
ನನಗೆ ಎಪ್ಪತ್ತೆರಡು.

ದೋಣಿಯಲ್ಲಿ ಜಟ್ಟು ಅಂಬಿಗ ನಕ್ಕ:
"ದಾರಿಗೇ ದಾರಿ ತೋರ್ಸೂಕೆ ಹೊಂಟ್ಯಾ, ಬೀರಮ್ಮ?
ಹೊಳೆಗೂ ಒಂದು ಬಾಣ ಬರ್ದುಬಿಡು,
ಸಮುದ್ರ ಆ ಬದಿಗೆ ಅಂತ."
ಮೇಲೆ ಅಣೆಕಟ್ಟಿನ ಸೈರನ್ನು ಕೂಗಿತು.
ಕರೆಂಟು ಮಾಡಿ ಮುಗಿಸಿದ ನೀರು
ತಣ್ಣಗೆ ಬಂದು ದೋಣಿಯ ಹೊಟ್ಟೆ ಮುಟ್ಟಿ
ನಮ್ಮನ್ನು ಒಂದು ಗೇಣು ಎತ್ತಿಕೊಂಡಿತು.

ಮೊದಲ ಬಾಣ ಮತ್ತಿಮರದ ಬೇರಿಗೆ.
ಎರಡನೆಯದು ಸೊಟ್ಟ.
ಇಪ್ಪತ್ತರ ಹೊತ್ತಿಗೆ ಕೈ ಕುದುರಿತು.
ಆಮೇಲೆ ಕಲ್ಲುಹಾಸು ಬಂತು, ಅರ್ಧ ನೆಲದೊಳಗೆ,
ನಡುವೆ ಸವೆದು ಗಂಜಿಬಟ್ಟಲಿನ ಹಾಗೆ.
ಎತ್ತಿನ ಗೊರಸು, ಎಂದ ಕುಪ್ಪಯ್ಯ;
ಮೆಣಸಿನ ಹೇರು ಹೊತ್ತು ಘಟ್ಟ ಇಳಿಯುತ್ತಿದ್ದವಂತೆ.
ಎಷ್ಟು ವರ್ಷದ ಕೆಳಗೆ?
ಎಲೆಯಡಿಕೆ ಉಗಿದು ಬಾಯಿ ಒರೆಸಿಕೊಂಡ:
"ನನ್ನ ಅಜ್ಜನ ಅಜ್ಜಂಗೂ ಇದು ಹಳೇ ದಾರಿನೇಯ."
ಆ ಎತ್ತುಗಳಿಗೆ ಯಾರು ಬಾಣ ಬರೆದರೋ.
ಮುಂದಿನ ಎತ್ತಿನ ಸಗಣಿಯೇ ಸಾಕಿತ್ತೇನೋ.

ಎಂಬತ್ತೆಂಟನೆಯದಕ್ಕೆ ಒಳ್ಳೆಯ ಕಲ್ಲು:
ನನ್ನ ಎದೆಯೆತ್ತರ, ನೆಟ್ಟಗೆ,
ದಾರಿ ಎರಡಾಗುವ ಜಾಗದಲ್ಲೇ.
ಕತ್ತಿಯ ಬೆನ್ನಿನಿಂದ ಹಾವಸೆ ಕೆರೆದೆ.
ಮೊದಲು ಒಂದು ಬಳೆ.
ಆಮೇಲೆ ಮೂರು.
ಆಮೇಲೆ ಮೊಣಕೈಯಲ್ಲಿ ಮಡಿದು ಮೇಲೆತ್ತಿದ
ಇಡೀ ಕೈ, ಐದೂ ಬೆರಳು,
ಬೆರಳ ಸಂದಿಯಲ್ಲಿ ನಿಂಬೆಯೋ ಏನೋ ಉರುಟು.
"ಮಾಸ್ತಿ," ಎಂದು ಕುಪ್ಪಯ್ಯ ತಲೆಯ ಟವೆಲು ತೆಗೆದ.
ಸುಟ್ಟುಕೊಂಡವಳ ಹೆಸರು
ಕೆಳಗೆ ಬರೆದಿರುತ್ತಾರಂತೆ. ಕೆಳಗೆ ಮಣ್ಣಿತ್ತು.

ಬ್ರಷ್ಷಿನ ತುದಿಯಿಂದ ಹಳದಿ
ತೊಟ್ಟಿಕ್ಕುತ್ತಲೇ ಇತ್ತು ನನ್ನ ಪಾದಕ್ಕೆ.
ಅವಳ ಕೈ ಎಡಕ್ಕೂ ಅಲ್ಲ, ಬಲಕ್ಕೂ ಅಲ್ಲ,
ಬಸದಿಗೂ ಅಲ್ಲ, ಹೊಳೆಗೂ ಅಲ್ಲ.
ಮೇಲೆ ಏನಿದೆಯೆಂದು ನೋಡಿದೆ:
ಹೆಬ್ಬಲಸಿನ ಕೊಂಬೆ, ಹಾರಿ ಹೋದ ಕೆಂದಳಿಲು,
ಒಂದಿಷ್ಟು ಬಿಸಿಲು.
ಅವಳಿಗೆ ದಾರಿ ತೋರಿಸಿದವರು
ಐವತ್ತು ಹೆಜ್ಜೆ ಎಣಿಸಿರಲಿಕ್ಕಿಲ್ಲ.
ಡಬ್ಬಿ ಎತ್ತಿ ಹಿಡಿದಿದ್ದೆ;
ನನ್ನ ಕೈಯೂ ಅಲ್ಲೇ ಮಡಿಯುತ್ತದೆ, ಬಳೆಯೂ ಅಲ್ಲಿಗೇ ಜಾರುತ್ತದೆ.
"ಬರಿ," ಎಂದ ಕುಪ್ಪಯ್ಯ. ಆಮೇಲೆ,
"ಬ್ಯಾಡ, ಬಿಡು," ಎಂದವನೂ ಅವನೇ.

ಬಸದಿಯ ಎದುರು ಮತ್ತೊಂದು ತೊಡಕು.
ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು,
ಒಳಗೆ ನಾಲ್ಕು ಕಡೆಗೂ ಮುಖ ಮಾಡಿ
ಕೂತ ಒಂದೇ ಸುಮ್ಮನಿರುವಿಕೆ;
ಎಲ್ಲಿಂದ ಬಂದರೂ ಎದುರೇ.
ಇಲ್ಲಿ ಬಾಣದ ಮೊನೆ ಎತ್ತ ಇಡಲಿ?
ಸುತ್ತು ಹಾಕಿದೆ, ಒಂದು, ಎರಡು,
ಪೂಜೆಗೆ ಬಂದವಳೆಂದೇ ತಿಳಿದ ಕಾವಲುಗಾರ.
ಬುತ್ತಿ ಬಿಚ್ಚಲು ಗಡಿಗಲ್ಲು ದಾಟಿ ದೂರ ಹೋದೆವು.
ಒಣಸಿಗಡಿ ಚಟ್ನಿ ಇತ್ತು.

ಮಳೆಗಾಲ ಕಳೆದು ಬಂದ ಮೊದಲ ಗುಂಪು,
ಬೂಟು, ಕೋಲು, ಬೆನ್ನಚೀಲ,
ಎಂಬತ್ತೇಳು ದಾಟಿ ಅರ್ಧ ಗಂಟೆ ಸುತ್ತಿತಂತೆ.
ಜಟ್ಟುವಿನ ದೋಣಿಯಲ್ಲಿ ಕೂತು ದೂರಿದರಂತೆ:
ಎರಡು ದಾರಿ ಆಗುವಲ್ಲೇ ಬಾಣ ಇಲ್ಲವಲ್ಲ!
ಅವರಲ್ಲೊಬ್ಬಳು ಮಾತ್ರ
ದೋಣಿಯ ಮೂತಿಯಲ್ಲಿ, ಮಾತಿಲ್ಲದೆ,
ತನ್ನ ಮೊಣಕೈ ತಾನೇ ಹಿಡಿದುಕೊಂಡಿದ್ದಳಂತೆ.

ಫಾರೆಸ್ಟರು ಕರೆಸಿ ಕೇಳಿದರು.
ಅಲ್ಲಿ ಕಲ್ಲು ಸಿಕ್ಕಲಿಲ್ಲ, ಅಂದೆ.